ಶಾಲು ಮೊದಲು, ಶಿಕ್ಷೆ ಆಮೇಲೆ

ಬಲು ಹಿಂದೆ, ಹುಲಿ ಹಾವುಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಕುಂಕುಮಪುರಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಸ ಭೋಗಸೇನ ಒಳ್ಳೆಯವನು. ಬುದ್ಧಿವಂತ ಎಂದು ಯಾರೂ ಹೇಳಿದ್ದಿಲ್ಲ. ವಿದ್ಯೆಯ ಮೇಲೆ ಅವನಿಗೆ ಎಷ್ಟು ಭಕ್ತಿಯೆಂದರೆ, ಕಳ್ಳ ಸಿಕ್ಕರೂ ಬೀಗ ತೆಗೆದ ಕೈಚಳಕಕ್ಕೆ ಮೊದಲು ಶಾಲು ಹೊದಿಸಿ, ಆಮೇಲೆ ಸೆರೆಗೆ ಹಾಕಿಸುತ್ತಿದ್ದ.

ಊರಿನ ಹೊಳೆಯಲ್ಲಿ ಹರಿಗೋಲು ನಡೆಸುತ್ತಿದ್ದವಳು ಕೆಂಚವ್ವ. ಒಂದು ದಿನ ಮಾಂತ್ರಿಕ ಘೋರದತ್ತ ಅವಳ ಹರಿಗೋಲಿನಲ್ಲಿ ಹೊಳೆ ದಾಟಿದ. ದಡ ಮುಟ್ಟಿದ್ದೇ ವೀಳ್ಯದ ತಟ್ಟೆ ಚಾಚಿ, "ನನ್ನನ್ನು ಮದುವೆಯಾಗು" ಎಂದ.

"ಒಲ್ಲೆ ಸ್ವಾಮಿ."

"ಯಾಕೆ? ಮೋಡ ಕಟ್ಟಬಲ್ಲೆ, ಬೆಟ್ಟ ಕುಣಿಸಬಲ್ಲೆ!"

"ಆ ದಡದಿಂದ ಈ ದಡದವರೆಗೂ ಅದನ್ನೇ ಹೇಳಿದಿರಿ. ಒಂದು ಹೊಳೆಗೇ ನನಗೆ ಸಾಕಾಯಿತು. ಒಂದು ಜನ್ಮ ಹೇಗೆ ಕಳೆಯಲಿ?"

ಅವಳು ಒಪ್ಪಿದ್ದು ಅರಮನೆಯ ಅಡುಗೆಯವ ಈರಬೊಮ್ಮನನ್ನು. ಅವನದು ಮಾತು ಕಡಿಮೆ, ಹೋಳಿಗೆ ರುಚಿ.

ಮದುವೆಯ ಬೆಳಿಗ್ಗೆ ಈರಬೊಮ್ಮ ಚಪ್ಪರದಲ್ಲಿ ಸತ್ತು ಬಿದ್ದಿದ್ದ. ಕೊರಳಲ್ಲಿ ಯಾರೋ ಕಳಿಸಿದ ಮಲ್ಲಿಗೆ ಹಾರ, ಮೈಮೇಲೆ ಒಂದು ಗೀರೂ ಇಲ್ಲ. ಕೊಂದವನು ಯಾರೆಂದು ಕೆಂಚವ್ವನಿಗೆ ಗೊತ್ತಿತ್ತು. ಸಾಕ್ಷಿ ಇರಲಿಲ್ಲ.

ಕುಂಕುಮಪುರಿಯ ಮಣ್ಣಿಗೆ ಒಂದು ಗುಣವಿತ್ತು. ಹೆಣ ಚಿತೆ ಏರುವ ಮೊದಲು, ಕೊಂದವನೇ "ನಾನು ಕೊಂದೆ" ಎಂದು ಬಾಯಿಬಿಟ್ಟರೆ ಸತ್ತವನು ಎದ್ದು ಕೂರುತ್ತಿದ್ದ. ಯಾಕೆಂದು ಕೇಳಬೇಡಿ, ಮಣ್ಣು ಹಾಗಿತ್ತು. ಘೋರದತ್ತನಿಗೂ ಇದು ಗೊತ್ತು. ಹೆಣವನ್ನು ವಿಚಾರಣೆಗೆಂದು ರಾಜಸಭೆಗೆ ತಂದಾಗ ಅವನು ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡು ಅಲ್ಲಿ ಕೂತ.

'ಹೊಳೆಯ ಮೇಲೆ ಒಂದು ಗಳಿಗೆಯೂ ಮುಚ್ಚದ ಬಾಯಿ. ಇಲ್ಲಿ ಎಷ್ಟು ಹೊತ್ತು ಮುಚ್ಚಿರುತ್ತದೆ, ನೋಡೇಬಿಡೋಣ' ಅಂದುಕೊಂಡಳು ಕೆಂಚವ್ವ. ಕಾಡಿಗೆ ಹೋಗಿ ಇಬ್ಬರನ್ನು, ಊರಂಚಿಗೆ ಹೋಗಿ ಒಬ್ಬನನ್ನು ಕರೆತಂದಳು.

"ಹುಲಿರಾಯ ಕೊಂದನೋ ಏನೋ, ಪ್ರಭು" ಎಂದಳು.

ಹುಲಿ ಹೆಣವನ್ನು ಮೂಸಿ ನೋಡಿತು. "ನಾನು ಕೊಂದಿದ್ದರೆ ಹೆಣ ಉಳಿಯುತ್ತಿತ್ತೇನವ್ವ? ಇದು ನಾಜೂಕಿನ ಕೆಲಸ. ನನ್ನ ಕೈಲಾಗದು."

ಘೋರದತ್ತನ ಮೀಸೆ ಮೇಲೇರಿತು.

"ಹಾಗಾದರೆ ಸರ್ಪರಾಜ ಕೊಂದನೋ ಏನೋ."

ಸರ್ಪ ಹೆಣದ ಸುತ್ತ ಹರಿದು ಬಂತು. "ಹಲ್ಲಿನ ಗುರುತಿಲ್ಲ, ಮೈ ನೀಲಿಯಾಗಿಲ್ಲ. ಇದು ನನಗಿಂತ ದೊಡ್ಡ ವಿದ್ಯಾವಂತರ ಕೆಲಸ."

ಘೋರದತ್ತನ ಎದೆ ಉಬ್ಬಿತು. ಅರಸ ಸಿಂಹಾಸನದ ತುದಿಗೆ ಬಂದ. "ಆಹಾ! ಯಾರಪ್ಪ ಈ ಪ್ರತಿಭಾವಂತ?"

"ಇವರೇ ಇರಬೇಕು" ಎಂದು ಕೆಂಚವ್ವ ಮೂರನೆಯವನನ್ನು ಮುಂದೆ ತಂದಳು. ಅವನು ಊರಂಚಿನ ಮುದಿ ಮಾಂತ್ರಿಕ ಕಪ್ಪೆಯಜ್ಜ. ಅವನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಕಂಡದ್ದನ್ನು ಕಪ್ಪೆ ಮಾಡುವುದು. ಅದೂ ಆಗಾಗ ಗುರಿ ತಪ್ಪುತ್ತಿತ್ತು.

"ಹೌದು ಪ್ರಭು, ನಾನೇ ಕೊಂದದ್ದು" ಎಂದ ಅಜ್ಜ.

ಹೆಣ ಮಿಸುಕಲಿಲ್ಲ. ಅರಸ ಅದನ್ನು ಗಮನಿಸಲಿಲ್ಲ. ಗಮನಿಸುವುದು ಅವನ ಅಭ್ಯಾಸವಾಗಿರಲಿಲ್ಲ.

"ಶಾಲು ತನ್ನಿ! ರಾಜ್ಯದ ಮಹಾಮಾಂತ್ರಿಕ ಇವರೇ! ಸನ್ಮಾನ ಆಗಲಿ, ಆಮೇಲೆ ಗಲ್ಲು."

ಜರಿಯ ಶಾಲು ಬಂತು. ಕಪ್ಪೆಯಜ್ಜ ವಿನಯದಿಂದ ತಲೆ ಬಾಗಿಸಿದ. ಶಾಲು ಇನ್ನೇನು ಹೆಗಲಿಗೆ ಬೀಳಬೇಕು, ಘೋರದತ್ತ ಎಲೆಯಡಿಕೆಯನ್ನು ಉಗಿದು ಎದ್ದು ನಿಂತ.

"ಈ ಮುದುಕನೇ? ಕಲ್ಲನ್ನು ಕಪ್ಪೆ ಮಾಡಲು ಹೋಗಿ ಸ್ವಂತ ಚಪ್ಪಲಿಯನ್ನು ಕಪ್ಪೆ ಮಾಡಿಕೊಂಡವನು!"

"ಕಪ್ಪೆ ಆಯಿತಲ್ಲಪ್ಪ" ಎಂದ ಅಜ್ಜ.

"ನಾನು ಕೊಂದೆ! ಮಲ್ಲಿಗೆ ಹಾರದೊಳಗೆ ಮೃತ್ಯುಮಂತ್ರ ಹೊಸೆದು ಕಳಿಸಿದವನು ನಾನು! ಶಾಲು ನನ್ನದು!"

ಈರಬೊಮ್ಮ ಸೀನಿದ, ಎದ್ದು ಕೂತ, ಸುತ್ತ ನೋಡಿದ.

"ಒಲೆ ಮೇಲೆ ಹೂರಣ ಇಟ್ಟಿದ್ದೆ. ತಳ ಹಿಡಿಯಿತೇನೋ."

"ಹಿಡಿದರೆ ಹಿಡಿಯಲಿ ಮಾರಾಯ" ಎಂದು ಕೆಂಚವ್ವ ನಗುತ್ತ ಅತ್ತಳು.

ಅರಸ ಮಾತಿಗೆ ತಪ್ಪುವವನಲ್ಲ. ಘೋರದತ್ತನಿಗೆ ಶಾಲು ಹೊದಿಸಿದ, ಫಲತಾಂಬೂಲ ಕೊಟ್ಟ. ಸತ್ತವನು ಎದ್ದು ಕೂತದ್ದರಿಂದ ಗಲ್ಲು ಬೇಡವೆಂದು, ಶಿಕ್ಷೆಯನ್ನು ಕಪ್ಪೆಯಜ್ಜನಿಗೆ ಬಿಟ್ಟ. ಈ ಸಲ ಗುರಿ ತಪ್ಪಲಿಲ್ಲ. ಶಾಲು ನೆಲಕ್ಕೆ ಕುಸಿಯಿತು, ಅದರೊಳಗಿನಿಂದ ಒಂದು ಕಪ್ಪೆ ಹೊರಗೆ ನೆಗೆಯಿತು.

ಸಂಜೆ ಮದುವೆ ನಡೆಯಿತು. ಹೂರಣ ತಳ ಹಿಡಿದಿತ್ತು, ಆದರೂ ಹುಲಿ ಮೂರು ಸಲ ಬಡಿಸಿಕೊಂಡಿತು. ಕೆಂಚವ್ವ, ಈರಬೊಮ್ಮ ಹೊಳೆಯ ದಡದಲ್ಲೇ ಮನೆ ಮಾಡಿ ಮೊಮ್ಮಕ್ಕಳ ಕಾಲದವರೆಗೂ ಸುಖವಾಗಿದ್ದರು. ಕಪ್ಪೆಯೂ ಅಲ್ಲೇ ಕಲ್ಲಿನ ಮೇಲೆ ಕೂತು, ಹರಿಗೋಲು ಹೋಗುವಾಗಲೂ ಬರುವಾಗಲೂ ತನ್ನ ವಿಷಯವನ್ನೇ ಹೇಳುತ್ತಿತ್ತು. ಕೆಂಚವ್ವ ಹುಟ್ಟು ಹಾಕುತ್ತ ಮುಂದೆ ಸಾಗುತ್ತಿದ್ದಳು.