ಜಗಲಿಯ ಮೇಲಿನ ಚಾವಿ

ಕಾರು ಕಣ್ಣೆದುರಿಗೇ ಇತ್ತು. ಚಾವಿ ಡ್ರೈವರ್ ಸೀಟಿನ ಮೇಲೆ ಬಿದ್ದಿತ್ತು. ನಾಲ್ಕೂ ಬಾಗಿಲು ಭದ್ರ. ಕಾರಿನ ಒಡತಿ ಮಂಜುಳಾ ಹೊರಗೆ ನಿಂತು ಗಾಜಿಗೆ ಹಣೆ ಹಚ್ಚಿದ್ದಳು. ಅಳುವುದೊಂದು ಬಾಕಿ.

ಗುಡಗೇರಿ ಸಂತೆಯಲ್ಲಿ ಪುಕ್ಕಟೆ ಸಿಗುವ ಸರಕೆಂದರೆ ಉಪದೇಶ. "ಗಾಜು ಒಡೀರಿ" ಅಂದ ಒಬ್ಬ. "ಒಳಗಿನ ಗುಂಡಿ ಒತ್ತಿ ಬಾಗಲಾ ಬಡದಿರಬೇಕು. ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಹಿಂಗ ಆಗೂದು" ಅಂದ ಇನ್ನೊಬ್ಬ, ಹೆಗಲ ಮೇಲಿನ ಬದನೆಕಾಯಿ ಚೀಲ ಇಳಿಸದೆಯೇ.

ಕೀಲಿ ರಿಪೇರಿಯ ಖಾದರಬಿ ಕೂರುವುದು ಸಂತೆಯ ಆ ತುದಿಗೆ. ಅವಳನ್ನು ಕರೆತರುವಷ್ಟರಲ್ಲಿ ಹನ್ನೊಂದೂವರೆ ದಾಟಿತ್ತು. ಗಂಡ ಸತ್ತ ಮೇಲೆ ಅವನ ಸಾಮಾನಿನ ಪೆಟ್ಟಿಗೆಯನ್ನು ತಾನೇ ಹೊತ್ತವಳು. ಹದಿನಾಲ್ಕು ವರ್ಷ ಊರವರ ಕೀಲಿ ತೆಗೆದೂ ತೆಗೆದೂ ಅವಳಿಗೆ ಯಾರ ಮಾತಿನ ಮೇಲೂ ನಂಬಿಕೆ ಉಳಿದಿರಲಿಲ್ಲ.

"ಎಷ್ಟೊತ್ತಾತು ತಂಗಿ?"

"ತಾಸಿನ ಮ್ಯಾಲಾತ್ರಿ ಅಕ್ಕಾರ. ಹನ್ನೆರಡರೊಳಗ ಕುಂದಗೋಳದ ಸಾಲಿಗೆ ಗಾಡಿ ತೋರಸಬೇಕು. ಹುಡುಗೂರನ್ನ ಒಯ್ದು ತರೂ ಕೆಲಸ, ವರ್ಷದ ಕರಾರು. ಕಾಗದ ಎಲ್ಲಾ ಒಳಗ ಅದಾವು."

"ಮತ್ತ ನನ್ನ ಈಗ ಕರಸ್ತಿ?"

"ಮಾವಾರು ಬ್ಯಾಡ ಅಂದ್ರು. ಕೀಲಿ ಕೆಡತೈತಿ, ಮನಿಯಿಂದ ಎರಡನೇ ಚಾವಿ ತರಸಾಕ ಫೋನ್ ಮಾಡೇನಿ, ಇನ್ನೇನು ಬರತೈತಿ ಅಂದ್ರು."

ಮಾವ ಅಮೋಘಸಿದ್ದಪ್ಪ ಬೇವಿನ ಕಟ್ಟೆಯ ಮೇಲೆ ಕೂತಿದ್ದ. ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಎಲೆಅಡಿಕೆ. ಮಗ ಮಾಳಿಂಗರಾಯ ಕುರಿ ಹಿಂಡಿನ ಹಿಂದೆ ಹೋಗಿ ಎರಡು ತಿಂಗಳಾಗಿತ್ತು. ಮನೆದೇವರ ಪೂಜೆಯೂ ಸೊಸೆಯ ಕಾವಲೂ ಈಗ ಮುದುಕನ ಪಾಲಿಗೆ.

"ಚಾವಿ ಮರತು ಒಳಗ ಬಿಟ್ಟಿಯೇನು?" ಖಾದರಬಿ ಮಂಜುಳಾಳನ್ನು ಕೇಳಿದಳು.

"ಇಲ್ರಿ! ಕೀಲಿ ಹಾಕಿ, ಬಾಗಲಾ ಜಗ್ಗಿ ನೋಡಿ, ಚಾವಿ ಎಲೆಅಡಿಕಿ ಸಂಚ್ಯಾಗ ಇಟ್ಟೆ. ಆಧಾರ್ ಜೆರಾಕ್ಸ್ ಮಾಡಿಸ್ಕೊಂಡ ಬರೂದ್ರಾಗ ಹಿಂಗಾತು. ಇದು ಆ ಈರಪ್ಪಂದ ಕೆಲಸ. ಅವನೂ ಅದ ಸಾಲಿಗೆ ಟೆಂಪೊ ಹಚ್ಚಾಕ ಓಡ್ಯಾಡಾಕತ್ತಾನ."

ಈರಪ್ಪ ಮುದುಕನ ತಂಗಿಯ ಮಗ. ಖಾದರಬಿ ಶಾಲೆಗೆ ಫೋನ್ ಹಚ್ಚಿಸಿದಳು. ಗುಮಾಸ್ತ ಹೇಳಿದ: "ಈರಪ್ಪ ಒಂಬತ್ತರಿಂದ ಇಲ್ಲೇ ಕುಂತಾನ್ರಿ. ನೀವೂ ಹನ್ನೆರಡರೊಳಗ ಬರ್ರಿ, ಇಲ್ಲಂದ್ರ ಅವಗ ಕೊಡತೇವಿ."

ಅಂದಮೇಲೆ ಈರಪ್ಪನಲ್ಲ.

* * *

ಖಾದರಬಿ ಸಪೂರ ಕಡ್ಡಿಯೊಂದನ್ನು ಕೀಲಿಯ ಕಂಡಿಗೆ ತೂರಿಸಿದಳು. ತಿರುವಿ ಹೊರಗೆಳೆದಳು. ತುದಿ ಹಳದಿಯಾಗಿತ್ತು. ಮೂಗಿಗೆ ಹಿಡಿದಳು. ಅರಿಶಿನ. ಕಡ್ಡಿಯನ್ನು ಸೆರಗಿಗೆ ಒರೆಸಿ ಮತ್ತೆ ಕೆಲಸಕ್ಕಿಳಿದಳು. ಮೊದಲು ಬಾಗಿಲು, ಮಾತು ಆಮೇಲೆ.

ಹಳೆಯ ಕೀಲಿ. ಮಣಿಯಲು ಅರ್ಧ ತಾಸು ತಿಂದಿತು. ಬಾಗಿಲು ತೆರೆದಾಗ ಹನ್ನೆರಡೂ ಹತ್ತು. ಮಂಜುಳಾ ಕಾಗದದ ಚೀಲವನ್ನು ಎದೆಗವಚಿಕೊಂಡು ಒಳಗೆ ಕೂತಳು. ಅಷ್ಟರಲ್ಲಿ ಫೋನ್ ಬಂತು. ಕೇಳಿದಳು. "ಹೌದ್ರಿ" ಅಂದಳು. ಇಟ್ಟಳು.

"ಈರಪ್ಪಗ ಕೊಟ್ರಂತ."

"ಹೋಗ್ಲಿ ಬಿಡು ಯವ್ವಾ" ಅಂದ ಮುದುಕ. "ನಿನ್ನ ಹಣೀಬರದಾಗ ಇರಲಿಲ್ಲ."

ಖಾದರಬಿ ಕಡ್ಡಿಯನ್ನು ಪೆಟ್ಟಿಗೆಗೆ ಎಸೆದು ಮಂಜುಳಾಳ ಬಳಿ ಬಂದಳು.

* * *

"ಆ ಎರಡನೇ ಚಾವಿ ಎಲ್ಲಿ ಇಟ್ಟಿರತೀರಿ ತಂಗಿ?"

"ದೇವರ ಜಗಲಿ ಮ್ಯಾಲ್ರಿ. ನಮ್ಮ ಮನ್ಯಾಗ ಯಾವ ಗಾಡಿ ಬಂದ್ರೂ ಒಂದು ಚಾವಿ ಬೀರಪ್ಪದೇವರಿಗೆ. ಐತವಾರಕ್ಕೊಮ್ಮೆ ಅದರ ಮ್ಯಾಲ ಭಂಡಾರ ಹಾಕತಾರ. ಇವತ್ತಿನತನಕ ಅದನ್ನ ಗಾಡಿಗೆ ಹಚ್ಚಿಲ್ಲ."

"ಭಂಡಾರ ಅಂದ್ರ ಅರಿಶಿಣ ಪುಡಿ. ನಿನ್ನ ಚಾವಿಗೆ ಒಂದು ಕಣ ಅರಿಶಿಣ ಇಲ್ಲ, ನೋಡು. ಕೀಲಿ ಕಂಡ್ಯಾಗ ಮಾತ್ರ ಒಣಾ ಪುಡಿ ತುಂಬೇತಿ. ದಿನಾ ಹತ್ತು ಸರ್ತಿ ತಗದು ಹಾಕೂ ಕೀಲಿ, ಪುಡಿ ಹಳೇದಾಗಿದ್ರ ಎಂದೋ ಉದುರಿ ಹೋಗತಿತ್ತು. ನಿನ್ನ ಚಾವಿ ಒಳಗ ಒಗದು, ಜಗಲಿ ಚಾವಿಲೆ ಹೊರಗಿಂದ ಯಾರೋ ಕೀಲಿ ಹಾಕ್ಯಾರ. ಇವತ್ತ." ಖಾದರಬಿ ದನಿ ತಗ್ಗಿಸಿದಳು. "ಜೆರಾಕ್ಸಿಗೆ ಹೋಗೂಮುಂದ ಸಂಚಿ ಯಾರ ಕೈಯಾಗ ಕೊಟ್ಟಿದ್ದಿ?"

ಮಂಜುಳಾ ಕಾರಿನಿಂದ ಇಳಿದು ಬೇವಿನ ಕಟ್ಟೆಯ ಕಡೆ ತಿರುಗಿದಳು.

ಎಲೆ ಹಾಕಿಕೊಳ್ಳಲು ಸಂಚಿ ಕೇಳಿದ್ದು ಮಾವ. ಅದರೊಳಗೆ ಕೈ ಹಾಕುವ ಹಕ್ಕು ಮನೆಯಲ್ಲಿ ಎಲ್ಲರಿಗೂ ಇತ್ತು.

"ಮನಿಗೆ ಫೋನ್ ಹಚ್ಚು" ಅಂದಳು ಖಾದರಬಿ. "ಎಲ್ಲಾರಿಗೂ ಕೇಳೂಹಂಗ ಇಡು."

ಅತ್ತೆ ಹನಮವ್ವ ಎತ್ತಿದಳು. "ಚಾವಿ ಕಳಸು ಅಂತನ? ಯಾರೂ ಫೋನ್ ಮಾಡಿಲ್ಲ ಬೇ. ತಡಿ, ನೋಡತೀನಿ... ಜಗಲಿ ಮ್ಯಾಲ ಇಲ್ಲ! ಪೂಜಿ ಮಾಡಾವ್ರನ್ನ ಬಿಟ್ರ ಅದನ್ನ ಯಾರ ಮುಟ್ಟತಾರ? ನಿಮ್ಮ ಮಾವನ್ನ ಕೇಳು."

ಕೇಳಬೇಕಾಗಲಿಲ್ಲ. ಅಮೋಘಸಿದ್ದಪ್ಪ ರುಮಾಲಿನ ಮಡಿಕೆಯಿಂದ ಚಾವಿ ತೆಗೆದು ಕಟ್ಟೆಯ ಮೇಲಿಟ್ಟ. ಹಲ್ಲು ಹಲ್ಲಿಗೂ ಅರಿಶಿನ ಕೂತಿತ್ತು.

"ಸೊಸಿ ಗಾಡಿ ಹೊಡೀತಾಳ, ಮಾವ ಬಾಜೂಕ ಕುಂತು ಮೆರೀತಾನ ಅಂತ ಊರಾಗ ನಗತಾರ. ಈ ಕೆಲಸ ತಪ್ಪಿದ್ರ ಗಾಡಿ ಮಾರತಿ, ಗಂಡನ ಜೋಡಿ ಕುರಿ ಹಿಂದ ಹೊಕ್ಕಿ ಅಂದ್ಕೊಂಡೆ."

"ಗಾಡಿ ಮನಿಗೆ ತಂದ ದಿನ ಭಂಡಾರ ಹಚ್ಚಿ ಚೊಲೋ ಆಗಲಿ ಅಂದಾವ್ರು ನೀವ ಅಲ್ರಿ?"

ಸಂತೆಯ ಜನಕ್ಕೆ ಥಟ್ಟನೆ ತಂತಮ್ಮ ಕಾಯಿಪಲ್ಲೆ ನೆನಪಾಯಿತು. ಬದನೆಕಾಯಿಯವನೂ ಜಾಗ ಖಾಲಿ ಮಾಡಿದ.

"ಅಕ್ಕಾರ, ಈ ಕೀಲಿ ಬದಲಿ ಮಾಡ್ರಿ" ಅಂದಳು ಮಂಜುಳಾ.

ಖಾದರಬಿ ಪೆಟ್ಟಿಗೆ ತಡಕಿ ಹೊಂದುವ ಕೀಲಿಯೊಂದನ್ನು ಹುಡುಕಿದಳು. ಕೂಡಿಸಿ, ತಿರುವಿ ತೋರಿಸಿ, ಎರಡು ಚಾವಿ ಕೈಗಿಟ್ಟಳು. ಮಂಜುಳಾ ಎರಡನ್ನೂ ಸಂಚಿಗೆ ಹಾಕಿ ದಾರ ಬಿಗಿದಳು.

"ಜಗಲಿಗೆ?" ಅಂದ ಮುದುಕ, ಮೆಲ್ಲಗೆ.

"ದೇವರಿಗ್ಯಾಕ ಚಾವಿ, ಮಾವಾರ? ಕೀಲಿ ಹಾಕಿದ್ರೂ ಅಂವ ನೋಡತಾನ. ಹತ್ರಿ, ಮನಿಗೆ ಹೋಗೂಣು."

ಅಮೋಘಸಿದ್ದಪ್ಪ ಎಂದಿನಂತೆ ಮುಂದಿನ ಸೀಟಿನ ಬಾಗಿಲಿಗೆ ಹೋದ. ಅವಳು ಒಳಗಿನಿಂದ ಹಿಂದಿನ ಬಾಗಿಲು ತೆರೆದಳು. ಹತ್ತಿ ಕೂತ. ಊರ ದಾರಿ ಹಿಡಿಯುವಾಗ ರೂಢಿಯಂತೆ ಸಂಚಿಗೆಂದು ಕೈ ಚಾಚಿದ. ಅವಳು ಕೊಡಲಿಲ್ಲ.