ಶುಕ್ರವಾರದ ಹನ್ನೆರಡನೇ ನಂಬರು

ಶುಕ್ರವಾರ ಸಂಜೆ ಟ್ಯಾಂಕಿನ ಮುಚ್ಚಳ ತೆಗೆದ ಡೈರಿಯ ಕೆಲಸಗಾರ ವೇಣು ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಟ್ಯಾಂಕ್ ತುಂಬ ಹಾಲು ಒಡೆದು ಹುಳಿ ನಾತ ಹೊಡೆಯುತ್ತಿತ್ತು. ಅಂದು ಬೆಳಿಗ್ಗೆ ಯಾರೋ ಆಫೀಸಿನ ಕಂಪ್ಯೂಟರಿನಿಂದಲೇ ತಂಪು ಮಾಡುವ ಯಂತ್ರ ನಿಲ್ಲಿಸಿ, ಅಲಾರಂ ಬಾಯಿಯನ್ನೂ ಕಟ್ಟಿದ್ದರು.

ಬೂದಿಕೋಟೆ ರಸ್ತೆಯ ಆ ಖಾಸಗಿ ಡೈರಿಗೆ ಮರುದಿನ ಸಬ್ ಇನ್ಸ್‌ಪೆಕ್ಟರ್ ರೂಪ ಮೇಡಂ ಬಂದರು. ಜೊತೆಗೆ ಹೆಡ್ ಕಾನ್ಸ್‌ಟೇಬಲ್ ಮುನಿಸ್ವಾಮಪ್ಪ, ಅಂದರೆ ನಾನು. ನಮ್ಮ ಮನೆ ಹಸುವಿನ ಹಾಲೂ ಅದೇ ಟ್ಯಾಂಕಿನಲ್ಲಿತ್ತು. ಸಿಟ್ಟು ಬರದೆ ಇರುತ್ತದೆಯೇ?

ಮ್ಯಾನೇಜರ್ ಸುಧಾಕರ್ ಕೇಸನ್ನು ಎಲೆಗೆ ಬಡಿಸಿಯೇ ಇಟ್ಟಿದ್ದರು.

"ಯಾವ ಕಂಪ್ಯೂಟರ್ ಏನು ಮಾಡ್ತು ಅಂತ ಈ ಕಾವಲು ಪ್ರೋಗ್ರಾಂ ಬರೆದಿಡುತ್ತೆ ಮೇಡಂ. ಯಂತ್ರ ನಿಲ್ಲಿಸಿದ್ದು ಐಪಿ ಅಡ್ರೆಸ್, ಅಂದ್ರೆ ನೆಟ್‌ವರ್ಕಿನ ನಂಬರು, ಹನ್ನೆರಡು ಇರೋ ಕಂಪ್ಯೂಟರ್. ಯಾರದ್ದು ಅಂತ ಕಂಪ್ಯೂಟರ್ ಮೇಲಿನ ಸ್ಟಿಕ್ಕರ್ ನೋಡಿ."

ವೇಣುವಿನ ಕಂಪ್ಯೂಟರಿಗೆ ಹನ್ನೊಂದು. ಗುಮಾಸ್ತೆ ಸೆಲ್ವಿಯದಕ್ಕೆ ಹನ್ನೆರಡು. ಮ್ಯಾನೇಜರ್ ಅವರದಕ್ಕೆ ಹದಿಮೂರು. ಸೆಲ್ವಿಯ ಕುರ್ಚಿಯಲ್ಲಿ ಆಗಲೇ ಸುಧಾಕರ್ ಬಾಮೈದ ಸಾಯಿಕುಮಾರ್ ಕುಳಿತಿದ್ದ.

ಸೆಲ್ವಿ ಮೂಲೆಯಲ್ಲಿ ಅಳುತ್ತಿದ್ದಳು. ಕೆಜಿಎಫ್‌ನಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ.

"ನಾ ಮಾಡಿಲ್ಲ ಅಕ್ಕಾ. ಅಮ್ಮನ ಮೇಲಾಣೆ. ನನ್ನ ಜೈಲಿಗೆ ಆಕಿದ್ರೆ ಅವ್ಳು ಎದೆ ಒಡ್ಕಂಡು ಸತ್ತೋಯ್ತಾಳೆ."

ಪಾಪ ಅನ್ನಿಸಿತು. ವೇಣುವಿಗೂ ಅವಳಿಗೂ ಮೊನ್ನೆ ಜಗಳವಾಗಿತ್ತಂತೆ. ಅವನನ್ನು ಪಕ್ಕಕ್ಕೆ ಎಳೆದೆ.

"ಅವಳ ಸೀಟಲ್ಲಿ ಕುಂತು ನೀನೇ ಮಾಡ್ದೇನ್ಲಾ?"

"ಅಯ್ಯೋ ಬಿಡಣ್ಣ! ಎಲ್ರಿಗಿಂತ ಮೊದ್ಲು ಕಂಪ್ಯೂಟರ್ ಆನ್ ಮಾಡಿ ಆಚೆ ಬಂದೋನು, ಬೆಳಿಗ್ಗೆಯೆಲ್ಲ ಆಲಿನ ಕ್ಯಾನ್ ಇಳುಸ್ತಿದ್ದೆ. ಗಾಡಿಯವ್ರನ್ನ ಕೇಳು."

ಕೇಳಿದೆ. ಹೌದು ಎಂದರು.

* * *

ಮೇಡಂ ಸೆಲ್ವಿಯ ಕಂಪ್ಯೂಟರನ್ನೇ ನೋಡುತ್ತಿದ್ದರು. ಅದರ ಹಣೆಯಲ್ಲಿ ಕುಂಕುಮ, ಮೇಲೊಂದು ಬಾಡಿದ ಹೂ.

"ಇದೇನು?"

ಸುಧಾಕರ್ ನಕ್ಕರು. "ಪ್ರತಿ ಶುಕ್ರವಾರ ಇವಳದು ಇದೇ ಗೋಳು. ಒರೆಸಿ, ಕುಂಕುಮ ಇಟ್ಟು, ಊದುಬತ್ತಿ ಬೆಳಗೋ ತನಕ ಆನ್ ಮಾಡೋದೇ ಇಲ್ಲ."

"ನಿನ್ನೆಯೂ?"

"ನಿನ್ನೆಯೂ! ನಾನು ಆನ್ ಮಾಡಿ ಕೆಲಸ ಶುರು ಮಾಡಿದ್ರೂ ಇವಳ ಮಂಗಳಾರತಿ ಮುಗಿದಿರಲಿಲ್ಲ."

"ಬೇರೆ ದಿನ?"

"ನನಗಿಂತ ಮುಂಚೆ ಬಂದು ಕೂತಿರ್ತಾಳೆ."

"ಆಫೀಸಿನ ಕರೆಂಟು ರಾತ್ರಿ ಆರಿಸ್ತೀರಾ?"

"ಮೇನ್ ಸ್ವಿಚ್ಚನ್ನೇ ಆರಿಸ್ತೀವಿ. ಯಂತ್ರದ ಲೈನ್ ಬೇರೆ."

"ಸರಿ. ಮುನಿಸ್ವಾಮಪ್ಪ, ಮೇನ್ ಆರಿಸಿ ಮತ್ತೆ ಹಾಕಿ."

ಹಾಕಿದೆ. ಮೇಡಂ ನಿನ್ನೆ ಒಂದರ ಹಿಂದೊಂದು ಆನ್ ಆದ ಕ್ರಮದಲ್ಲೇ ಕಂಪ್ಯೂಟರ್‌ಗಳನ್ನು ಆನ್ ಮಾಡಿಸಿದರು. ಮೊದಲು ವೇಣುವಿನದು. ಆಮೇಲೆ ಸುಧಾಕರ್ ಅವರದು. ಕೊನೆಗೆ ಸೆಲ್ವಿಯದು. ಕಾವಲು ಪ್ರೋಗ್ರಾಂ ತೆರೆದು ನೋಡಿದರೆ, ಅಬ್ಬಬ್ಬಾ! ಸ್ಟಿಕ್ಕರಿನಲ್ಲಿ ಹದಿಮೂರು ಎಂದಿದ್ದ ಮ್ಯಾನೇಜರ್ ಕಂಪ್ಯೂಟರ್ ಈಗ ಹನ್ನೆರಡು. ಸೆಲ್ವಿಯದೇ ಹದಿಮೂರು.

ಸುಧಾಕರ್ ಮುಖ ಅಲ್ಲೇ ಇಳಿಯಿತು.

* * *

"ಈ ನಂಬರು ಯಾರಪ್ಪನ ಆಸ್ತಿಯೂ ಅಲ್ಲ," ಎಂದರು ಮೇಡಂ. "ನಮ್ಮ ಬಂಗಾರಪೇಟೆ ರೈಲಿನ ಸೀಟಿದ್ದ ಹಾಗೆ. ಕರೆಂಟು ಹೋದರೆ ನಂಬರು ಹಂಚೋ ರೌಟರ್ ಹಳೆಯದೆಲ್ಲ ಮರೀತದೆ. ಮೊದಲು ಬಂದವರಿಗೆ ಮೊದಲ ನಂಬರು. ಉಳಿದ ದಿನ ಸೆಲ್ವಿ ಎರಡನೆಯವಳು. ಶುಕ್ರವಾರ ಮಾತ್ರ ಪೂಜೆಯಿಂದ ತಡ, ಆ ಜಾಗ ನಿಮಗೆ. ಅದಕ್ಕೇ ಶುಕ್ರವಾರಕ್ಕೆ ಕಾದಿರಿ. ಸ್ಟಿಕ್ಕರ್ ಅಂಟಿಸಿದ್ದೂ ನೀವೇ ಅಲ್ಲವೇ?"

"ಮೇಡಂ, ಅದು..."

"ಇವಳನ್ನು ಓಡಿಸಿ ಈ ಕುರ್ಚಿ ಬಾಮೈದನಿಗೆ ಕೊಡಬೇಕಿತ್ತು."

ಸಾಯಿಕುಮಾರ್ ಮುಳ್ಳು ಚುಚ್ಚಿದವನಂತೆ ಎದ್ದ. "ಏನೂ ಆಗಲ್ಲ ಅಂದ್ರಲ್ಲ ಭಾವ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವನು ಹೆಗಲ ಜೊತೆಗೆ ಭಾವನನ್ನೂ ಮುಟ್ಟಿ ತೋರಿಸಿದ. ಇಬ್ಬರನ್ನೂ ಜೀಪು ಹತ್ತಿಸಿದೆ.

ವಾಪಸು ಬಂದಾಗ ಸೆಲ್ವಿ ತನ್ನ ಕುರ್ಚಿಯಲ್ಲಿ ಕುಳಿತು, ಫೋನಿನಲ್ಲಿ ಅಮ್ಮನಿಗೆ ತಮಿಳಿನಲ್ಲಿ ಏನೋ ಹೇಳುತ್ತ ಅಳುತ್ತಲೂ ನಗುತ್ತಲೂ ಇದ್ದಳು. ಫೋನಿಟ್ಟು ಹೆದರುತ್ತಲೇ ಕೇಳಿದಳು:

"ಅಕ್ಕಾ, ಇನ್ಮೇಲೆ ಪೂಜೆ ಮಾಡ್ಬಾರ್ದಾ?"

ಮೇಡಂ ಕಂಪ್ಯೂಟರಿನ ಸ್ಟಿಕ್ಕರನ್ನು ಪರಪರ ಕಿತ್ತರು. ಕುಂಕುಮವನ್ನು ಮುಟ್ಟಲಿಲ್ಲ.

"ಮಾಡಮ್ಮಾ. ನಿನ್ನನ್ನ ಉಳಿಸಿದ್ದೇ ಅದು."