ಕಡೇ ಕೋಳಿ

"ಹುಶ್, ಮೊಂಡಿ. ಬುಡೇ ಅದನ್ನ."

ಧನ್ಯಾ ಪೊರಕೆ ಹಿಡಿದು ಹಿತ್ತಿಲಲ್ಲಿ ಓಡುತ್ತಿದ್ದಳು. ಮುಂದೆ ಹೊಸ ಕೋಳಿ, ಅದರ ಹಿಂದೆ ಹಳೇ ಕೋಳಿ ಮೊಂಡಿ, ಮೊಂಡಿಯ ಹಿಂದೆ ಪೊರಕೆ. ನುಗ್ಗೆಮರಕ್ಕೆ ಮೂರು ಸುತ್ತು ಹಾಕಿದ ಮೇಲೆ ಹೊಸ ಕೋಳಿ ಬಚ್ಚಲ ಗೋಡೆಯ ಮೂಲೆಯಲ್ಲಿ ಸಿಕ್ಕಿಬಿತ್ತು. ಮೊಂಡಿ ಅದರ ನೆತ್ತಿಗೆ ಒಂದು ಕುಕ್ಕಿತು. ಜುಟ್ಟಿನ ಪಕ್ಕ ಸಣ್ಣಗೆ ರಕ್ತ ಬಂತು.

ಹೊಸ ಕೋಳಿಯನ್ನು ಅಜ್ಜಿ ಅವತ್ತೇ ಅರಕಲಗೂಡು ಸಂತೆಯಿಂದ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಆಗಿನಿಂದ ಒಂದು ಕಾಳೂ ಅದರ ಬಾಯಿಗೆ ಬಿದ್ದಿರಲಿಲ್ಲ.

ಅಜ್ಜಿ ಚಿಕ್ಕಲಕ್ಷ್ಮಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು, ತೆನೆಗೆ ತೆನೆ ಉಜ್ಜಿ ಮುಸುಕಿನ ಜೋಳ ಬಿಡಿಸುತ್ತಿದ್ದಳು.

"ಪೊರಕೆ ಮಡಗವ್ವ. ನೀನು ಓಡ್ಸುದಷ್ಟೂ ಅವು ಬೆದರ್ತವೆ."

"ಅಲ್ಲ ಕಣಜ್ಜಿ, ಕೆಂಪಿ ಕುಕ್ಕುದ್ರೆ ಓಗ್ಲಿ ಅನ್ನಬೋದು. ಅದು ದೊಡ್ಡದು. ಈ ಮೊಂಡಿಗೇನು ಬಂತು?"

ಮೊಂಡಿಗೆ ಬಾಲವಿರಲಿಲ್ಲ. ಹೋದ ವರ್ಷ ನಾಯಿ ಬಾಯಿಗೆ ಸಿಕ್ಕಿ, ಬಾಲ ಬಿಟ್ಟುಕೊಟ್ಟು ಜೀವ ಉಳಿಸಿಕೊಂಡಿತ್ತು. ಮನೆಯ ಮೂರು ಕೋಳಿಗಳಲ್ಲಿ ಕೆಂಪಿ ತಿಂದ ಮೇಲೆ ಚುಕ್ಕಿ, ಚುಕ್ಕಿ ತಿಂದು ಬಿಟ್ಟರೆ ಮೊಂಡಿ. ನಿನ್ನೆಯ ತನಕ ಹಾಗೇ ಇತ್ತು.

"ಅದ್ಕೇ ಕಣವ್ವ ಅದು ಕುಕ್ಕೋದು," ಎಂದಳು ಅಜ್ಜಿ. "ಇಷ್ಟು ದಿನ ಅದೇ ಕಡೇದಾಗಿತ್ತು. ಈಗ ಅದ್ಕಿಂತ ಕಡೇದು ಒಂದು ಬಂತಲ್ಲ, ಬುಟ್ಟದಾ?"

ಧನ್ಯಾ ಮೊಂಡಿಯ ಕಡೆ ತಿರುಗಿದಳು. "ಕುಕ್ಕುಸ್ಕೊಂಡ್ರೆ ಎಂಗಾಯ್ತದೆ ಅಂತ ನಿಂಗೆ ಗೊತ್ತಿಲ್ವೇನೇ? ಗೊತ್ತಿದ್ದೂ..."

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಒಳಗೂ ನಿಲ್ಲಲಾಗದೆ ಮತ್ತೆ ಹೊರಗೆ ಬಂದಳು.

ಅವತ್ತು ಮಧ್ಯಾಹ್ನ ಸ್ಕೂಲಿನಲ್ಲಿ ಅವಳು ಸಂಹಿತಾಳ ತಟ್ಟೆಯನ್ನು ಬಚ್ಚಿಟ್ಟಿದ್ದಳು.

ಸಂಹಿತಾ ಐದನೇ ಕ್ಲಾಸಿಗೆ ಬಂದು ಎಂಟು ದಿನವಾಗಿತ್ತು. ಅವಳ ಅಪ್ಪನಿಗೆ ಹೊಳೆನರಸೀಪುರದಿಂದ ಇಲ್ಲಿಗೆ ಟ್ರಾನ್ಸ್‌ಫರ್ ಆಗಿತ್ತು. ಬಿಸಿಯೂಟಕ್ಕೆ ಎಲ್ಲರೂ ಮನೆಯಿಂದ ತಟ್ಟೆ ತರುತ್ತಿದ್ದರು. ಸಂಹಿತಾಳ ತಟ್ಟೆಯ ಅಂಚಿನಲ್ಲಿ 'ಗೋದಮ್ಮ' ಎಂದು ಕೊರೆದಿತ್ತು. ಅದು ಅವಳ ಅಜ್ಜಿಯ ಹೆಸರು. ಮೊದಲ ದಿನವೇ ಕ್ಲಾಸಿನ ಅನುಶ್ರೀ ಅದನ್ನು ಜೋರಾಗಿ ಓದಿದಳು. ಅಂದಿನಿಂದ ಸಂಹಿತಾ ಎಲ್ಲರ ಬಾಯಲ್ಲೂ 'ಗೋದಮ್ಮಜ್ಜಿ' ಆದಳು.

ಅದಕ್ಕೂ ಮೊದಲು ಕ್ಲಾಸಿನಲ್ಲಿ ಒಂದೇ ಅಡ್ಡಹೆಸರು ಓಡಾಡುತ್ತಿತ್ತು. 'ಬೋಡಿ.' ಧನ್ಯಾ ಬೇಸಿಗೆ ರಜದಲ್ಲಿ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದಳು. ಕೂದಲು ಕಿವಿ ಮುಟ್ಟುವಷ್ಟು ಬೆಳೆದರೂ ಹೆಸರು ಹೋಗಿರಲಿಲ್ಲ. ಗೋದಮ್ಮಜ್ಜಿ ಬಂದ ದಿನ ಅದು ಹೋಯಿತು. ಅನುಶ್ರೀ ಊಟದ ಸಾಲಿನಲ್ಲಿ ತನ್ನ ಪಕ್ಕ ಧನ್ಯಾಳಿಗೆ ಜಾಗ ಹಿಡಿಯತೊಡಗಿದಳು.

ತಟ್ಟೆ ಬಚ್ಚಿಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ತಾನಾಗಿಯೇ ಅಡುಗೆಮನೆಯ ಖಾಲಿ ಸಿಲಿಂಡರಿನ ಹಿಂದೆ ತೂರಿಸಿದ್ದಳು. ಎಲ್ಲರೂ ನಕ್ಕರು. ಸಂಹಿತಾ ಬ್ಯಾಗನ್ನು ಮೂರು ಸಲ ತಡಕಿದಳು. "ಯಾಕಮ್ಮ, ಊಟ?" ಎಂದು ಶಿವಕುಮಾರ್ ಸರ್ ಕೇಳಿದ್ದಕ್ಕೆ "ಹಸಿವಿಲ್ಲ ಸರ್" ಎಂದು ಹೇಳಿ, ನಲ್ಲಿಯ ಹತ್ತಿರ ಹೋಗಿ ನೀರು ಕುಡಿದಳು. ಎರಡು ಸಲ ಕುಡಿದಳು.

ಅದು ಈಗ ಧನ್ಯಾಳ ಕಣ್ಣಿಂದ ಹೋಗುತ್ತಿರಲಿಲ್ಲ.

ಕತ್ತಲಾಗುತ್ತಲೇ ಅಜ್ಜಿ ಹೊಸ ಕೋಳಿಯನ್ನು ಎತ್ತಿಕೊಂಡು, ಕೋಳಿ ಮುಚ್ಚುವ ಬಿದಿರ ಮಂಕರಿಯ ಕೆಳಗೆ ತೂಕಡಿಸುತ್ತಿದ್ದ ಮೂರರ ನಡುವೆ ಮೆಲ್ಲಗೆ ಇಳಿಸಿದಳು.

"ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣಾಕಿಲ್ಲ. ಮೈಗೆ ಮೈ ತಾಗಿ ಮನಗಿದ್ರೆ ವಾಸ್ನೆ ಒಂದಾಯ್ತದೆ."

"ಬೆಳಗ್ಗೆ ಸರಿಯಾಯ್ತದಾ?"

"ನೋಡವಾ," ಎಂದಳು ಅಜ್ಜಿ.

ಬೆಳಗ್ಗೆ ಮಂಕರಿ ಎತ್ತಿದ ಕೂಡಲೇ ಮೊಂಡಿ ಮತ್ತೆ ಕುಕ್ಕಿತು.

"ಅಜ್ಜಿ, ನಿನ್ನ ವಾಸ್ನೆ ಏನೂ ಕೆಲಸ ಮಾಡ್ಲಿಲ್ಲ."

"ಒಂದು ದಿನಕ್ಕೆ ಆಗಾಕಿಲ್ಲ ಕಣವ್ವ. ಕಾಳ ಒಂದೇ ಕಡೆ ಸುರುದ್ರೆ ಕೆಂಪೀದೇ ದರ್ಬಾರು. ಎರಡು ಕಡೆ ಚೆಲ್ಲು. ಚೆಲ್ಲಿ ಅತ್ಲಾಗೆ ತಿರುಗ್ಕೊ. ನೀನು ದುರುದುರು ನೋಡ್ತಾ ನಿಂತ್ರೆ ಅದು ತಿನ್ನಾಕಿಲ್ಲ."

ಧನ್ಯಾ ಒಂದು ಹಿಡಿ ಜೋಳವನ್ನು ಬಚ್ಚಲ ಪಕ್ಕ ಚೆಲ್ಲಿ ಬೆನ್ನು ತಿರುಗಿಸಿದಳು. ತುಂಬಾ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಟುಕ್. ಸ್ವಲ್ಪ ಬಿಟ್ಟು, ಟುಕ್ ಟುಕ್.

ಅವಳು ಎಲ್ಲರಿಗಿಂತ ಮೊದಲು ಸ್ಕೂಲಿಗೆ ಓಡಿ ಸಿಲಿಂಡರಿನ ಹಿಂದಿನಿಂದ ತಟ್ಟೆ ತೆಗೆದಳು. ಸಂಹಿತಾಳ ಡೆಸ್ಕಿನಲ್ಲಿ ಇಟ್ಟುಬಿಡೋಣವೆಂದರೆ ಆಗಲೇ ಅವರ ಕ್ಲಾಸಿನ ಭೀಮ ಅಲ್ಲಿ ಗುಡಿಸುತ್ತಿದ್ದ. ತಟ್ಟೆ ತನ್ನ ಬ್ಯಾಗಿಗೇ ಸೇರಿತು. ಕಾಲು ಆಡಿಸಿದಾಗೆಲ್ಲ ಬ್ಯಾಗಿಗೆ ತಾಗಿ, ಒಳಗೆ ಎರಡು ತಟ್ಟೆ ಟಣ್ ಎನ್ನುತ್ತಿದ್ದವು. ಅವಳಿಗೆ ಕಾಲು ಆಡಿಸದೆ ಕೂರಲು ಆಗುತ್ತಿರಲಿಲ್ಲ.

ಊಟಕ್ಕೆ ಮೊದಲಿನ ಪಿರಿಯಡ್ಡು ಶಿವಕುಮಾರ್ ಸರ್‌ದು. ಹೆದರಿಕೆಯಾದಾಗ ತೋಳಿನ ಮೇಲಿನ ಕೂದಲು ಯಾಕೆ ನಿಮಿರುತ್ತದೆ ಎಂದು ಅವರು ಕೇಳಿದರು.

"ಸಾ, ನಾಯಿ ಕಂಡ್ರೆ ನಮ್ಮ ಬೆಕ್ಕು ಎರಡರಷ್ಟು ಆಯ್ತದೆ ಸಾ," ಎಂದ ಭೀಮ.

"ಅದೇ. ಲಕ್ಷಗಟ್ಟಲೆ ವರ್ಷಗಳ ಹಿಂದೆ ನಮ್ಮ ಪೂರ್ವಿಕರಿಗೂ ಮೈ ತುಂಬಾ ಕೂದಲಿತ್ತು. ಹೆದರಿದಾಗ ನಿಮಿರಿಸಿಕೊಂಡು ದೊಡ್ಡದಾಗಿ ಕಾಣಿಸ್ತಿದ್ರು. ಅಷ್ಟು ಕೂದಲು ಈಗಿಲ್ಲ. ಅಭ್ಯಾಸ ಮಾತ್ರ ಉಳ್ಕೊಂಡಿದೆ."

ಧನ್ಯಾ ಕೈ ಎತ್ತಿದ್ದು ಅವಳಿಗೇ ಗೊತ್ತಾಗಲಿಲ್ಲ. "ಸಾ, ಅದೊಂದೇನಾ ಉಳ್ಕೊಂಡಿರೋದು? ಕೋಳಿಗಳು ಹೊಸ ಕೋಳೀನ ಕುಕ್ತವಲ್ಲ ಸಾ, ಅಂಥದು?"

ಕ್ಲಾಸು ನಕ್ಕಿತು. "ನೀನು ಯಾವ ಕೋಳಿ ಕಣೆ?" ಎಂದು ಅನುಶ್ರೀ ಪಿಸುಗುಟ್ಟಿದಳು.

ಸರ್ ನಗಲಿಲ್ಲ. ಚಾಕ್‌ಪೀಸನ್ನು ಮೇಜಿನ ಮೇಲಿಟ್ಟರು.

"ಕೋತಿ ಗುಂಪಿನಲ್ಲೂ ಯಾರು ಮೊದಲು ತಿನ್ನಬೇಕು, ಯಾರು ಕೊನೆಗೆ ಅಂತ ಇರುತ್ತೆ. ಗುಂಪಿನ ಅಂಚಿನಲ್ಲಿರೋದು ಚಿರತೆಗೆ ಮೊದಲು ಸಿಗುತ್ತೆ. ಅದಕ್ಕೇ ಅಂಚು ಅಂದ್ರೆ ಯಾರಿಗೂ ಆಗಲ್ಲ. ಇನ್ನೊಬ್ಬರನ್ನ ತಳ್ಳಿಯಾದ್ರೂ ಒಳಗೆ ನುಗ್ತಾರೆ. ಆ ಭಯ ನಮ್ಮೊಳಗೂ ಎಲ್ಲೋ ಇದ್ದೀತು."

"ನಮ್ಮ ಸ್ಕೂಲಲ್ಲಿ ಚಿರತೆ ಇಲ್ವಲ್ಲ ಸಾ," ಎಂದ ಭೀಮ.

"ಇಲ್ಲ. ಆದ್ರೆ ಅದು ಭಯಕ್ಕೆ ಗೊತ್ತಿಲ್ಲವಲ್ಲ."

ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ ಬಂತು. ಈ ಸ್ಕೂಲಿಗೆ ಬಂದ ಮೇಲೆ ಸಂಹಿತಾ ಕೇಳಿದ ಮೊದಲ ಪ್ರಶ್ನೆ ಅದು.

"ಸರ್, ಕುಕ್ಕೋ ಕೋಳಿಗೆ ತಾನು ಏನು ಮಾಡ್ತಿದೀನಿ ಅಂತ ಗೊತ್ತಿರುತ್ತಾ?"

ಸರ್ ಅವಳ ಕಡೆ ತಿರುಗಿದರು. "ಕೋಳಿಗೆ ಗೊತ್ತಿರಲಿಕ್ಕಿಲ್ಲಮ್ಮ."

ಧನ್ಯಾ ತನ್ನ ತೋಳು ನೋಡಿಕೊಂಡಳು. ಕೂದಲು ಒಂದೊಂದೂ ಎದ್ದು ನಿಂತಿತ್ತು.

ಬೆಲ್ ಆಯಿತು. ಎಲ್ಲರೂ ಬಿಸಿಯೂಟಕ್ಕೆ ಜಗಲಿಯ ಉದ್ದಕ್ಕೂ ಸಾಲಾಗಿ ಕೂತರು. ಸಂಹಿತಾ ಮಾತ್ರ ಸಾಲಿನಾಚೆ, ಕೊನೆಯ ಕಂಬದ ಹತ್ತಿರ ನಿಂತಿದ್ದಳು. ಅವಳ ಕೈಯಲ್ಲಿ ತಟ್ಟೆ ಇರಲಿಲ್ಲ. ಕಳೆದುಹೋಯಿತೆಂದು ಮನೆಯಲ್ಲಿ ಹೇಳಿರಲಿಲ್ಲವೇನೋ.

"ಲೇ ಧನು, ಜಾಗ ಇಡ್ದಿದೀನಿ, ಬಾರೆ," ಎಂದು ಅನುಶ್ರೀ ಪಕ್ಕದ ನೆಲವನ್ನು ತಟ್ಟಿದಳು.

ಧನ್ಯಾ ಆ ಜಾಗವನ್ನು ನೋಡಿದಳು. ಸಾಲಿನ ಸರಿ ಮಧ್ಯದಲ್ಲಿತ್ತು. ಎರಡು ಹೆಜ್ಜೆ ಅತ್ತ ಹೋದಳು. ಹೆಗಲ ಬ್ಯಾಗಿನೊಳಗೆ ತಟ್ಟೆ ಟಣ್ ಎಂದಿತು.

ಅವಳು ತಿರುಗಿ ಕಂಬದ ಹತ್ತಿರ ಹೋಗಿ, ಎಲ್ಲರೂ ನೋಡುತ್ತಿದ್ದಂತೆ, ತಟ್ಟೆ ಹೊರಗೆ ತೆಗೆದಳು.

"ತಗೊ. ನಾನೇ ಬಚ್ಚಿಟ್ಟಿದ್ದು."

ಸಂಹಿತಾ ತಟ್ಟೆ ತೆಗೆದುಕೊಂಡಳು. ನಲ್ಲಿಗೆ ಹೋಗಿ ತೊಳೆದಳು. ಹೆಸರಿದ್ದ ಕಡೆ ಬೆರಳಿನಿಂದ ಉಜ್ಜಿ ಉಜ್ಜಿ ತೊಳೆದಳು.

"ನೋಡ್ರೇ," ಎಂದಿತು ಅನುಶ್ರೀಯ ದನಿ, "ಬೋಡಿಗೂ ಗೋದಮ್ಮಜ್ಜಿಗೂ ಫ್ರೆಂಡ್‌ಶಿಪ್ಪು."

ಸಾಲಿಗೆ ಸಾಲೇ ನಕ್ಕಿತು. ಬೋಡಿ ವಾಪಸ್ ಬಂದಿದ್ದಳು. ಧನ್ಯಾಳ ತೋಳಿನಲ್ಲಿ ಮತ್ತೆ ಕೂದಲು ಎದ್ದಿತು. ಅವಳು ಅದನ್ನು ಅಂಗೈಯಿಂದ ಉಜ್ಜಿಕೊಂಡು, ಕಂಬದ ಬುಡದಲ್ಲಿ ಕೂತು ತನ್ನ ತಟ್ಟೆ ಮುಂದಿಟ್ಟುಕೊಂಡಳು.

ಸಂಹಿತಾ ಬಂದು ಒಂದು ಮಾರು ದೂರದಲ್ಲಿ ಕೂತಳು. ಕೂತವಳು ತಟ್ಟೆಯನ್ನು ಎಳೆದು ಇನ್ನೊಂದು ಪಕ್ಕಕ್ಕೆ, ಧನ್ಯಾಳ ಕೈಗೆ ಎಟುಕದ ಕಡೆ ಇಟ್ಟುಕೊಂಡಳು.

ಅಡುಗೆಯ ಮಾದಮ್ಮ ಬಕೆಟ್ ಹಿಡಿದು ಬಂದಳು. "ಇದೇನವ್ವ, ಇಲ್ಲೂ ಒಂದು ಸಾಲಾ?"

"ಊಂ ಕಣಕ್ಕ," ಎಂದಳು ಧನ್ಯಾ. "ಎರಡು ಕಡೆ."

ಇಬ್ಬರ ತಟ್ಟೆಗೂ ಅನ್ನ ಬಿತ್ತು, ಸಾರು ಬಿತ್ತು. ಸಂಹಿತಾ ಕೈ ಹಚ್ಚಲಿಲ್ಲ. ಧನ್ಯಾಳನ್ನೇ ನೋಡುತ್ತಿದ್ದಳು.

ಧನ್ಯಾ ಹತ್ತಿರ ಸರಿಯಲಿಲ್ಲ. ಮೆಲ್ಲಗೆ ಅತ್ತ ತಿರುಗಿ, ಆಟದ ಮೈದಾನದ ಕಡೆ ಮುಖ ಮಾಡಿ ಉಣ್ಣತೊಡಗಿದಳು.

ತುಂಬಾ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಬೆನ್ನ ಹಿಂದೆ, ಸ್ಟೀಲ್ ತಟ್ಟೆಯ ಮೇಲೆ ಬಳೆ ತಾಗಿದ ಸಣ್ಣ ಸದ್ದು. ಸ್ವಲ್ಪ ಬಿಟ್ಟು, ಮತ್ತೊಂದು.